ಕುಂಕುಮ ಹತ್ತಿದ ಕ್ಯಾಸೆಟ್

ಮೂರು ವರ್ಷದ ಹಿಂದಿನ ಮಾತು. ವಿಜಯದಶಮಿಯ ಮಾರನೆಯ ಬೆಳಿಗ್ಗೆ ಎಂದಿನಂತೆ ಎದ್ದು ಬಾಗಿಲಿಗೆ ನೀರು ಹಾಕಿ, ರಂಗೋಲಿ ಇಟ್ಟು, ಹಾಲು ಕಾಯಿಸಿ, ಯಜಮಾನರಿಗೆ ಬುತ್ತಿ ಕಟ್ಟಿಕೊಟ್ಟೆ. ಅವರದು ಶಿಡ್ಲಘಟ್ಟದಲ್ಲಿ ಬೋರ್‌ವೆಲ್ ಮೋಟಾರ್ ರೀವೈಂಡಿಂಗ್ ಅಂಗಡಿ. ಅವರು ಹೊರಟ ಮೇಲೆ ಊಟದ ಮೇಜು ಒರೆಸಿ, ಹಳೆಯ ಬೆಡ್‌ಶೀಟ್ ಹಾಸಿ, ಬೆಸುಗೆ ಹಾಕುವ ಸಾಲ್ಡರಿಂಗ್ ಐರನ್ ಪ್ಲಗ್ಗಿಗೆ ಹಾಕಿದರೆ ನನ್ನ ಆಫೀಸು ತೆರೆದ ಹಾಗೆ. ಹಬ್ಬದ ದಿನ ಐರನ್ನಿನ ಹಿಡಿಗೆ ನಾನೇ ಇಟ್ಟ ಕುಂಕುಮ ಇನ್ನೂ ಮಾಸಿರಲಿಲ್ಲ.

ನನ್ನ ಕೆಲಸ ಏನೆಂದು ಕೇಳಿದವರಿಗೆ ಹೇಳಿ ಅರ್ಥ ಮಾಡಿಸುವುದು ಸ್ವಲ್ಪ ಕಷ್ಟ. ನಾವು ಚಿಕ್ಕವರಿದ್ದಾಗ ಟಿ.ವಿ.ಗೆ ಸಿಕ್ಕಿಸಿ ಆಡುತ್ತಿದ್ದ ವಿಡಿಯೋ ಗೇಮ್ ಸೆಟ್ಟುಗಳು ನೆನಪಿರಬಹುದು. ಅದರ ಮೇಲೆ ಕೂರಿಸುವ ಪ್ಲಾಸ್ಟಿಕ್ ಡಬ್ಬವನ್ನು ಎಲ್ಲರೂ ಕ್ಯಾಸೆಟ್ ಎನ್ನುತ್ತಿದ್ದೆವು. ನಮ್ಮ ಕಡೆ ಸಿಗುತ್ತಿದ್ದ ಸೆಟ್ಟುಗಳ ಕ್ಯಾಸೆಟ್ಟಿಗೆ ಅರವತ್ತು ಪಿನ್, ಹೊರದೇಶದಿಂದ ಬಂದವಕ್ಕೆ ಎಪ್ಪತ್ತೆರಡು. ಒಳಗಿನ ಆಟ ಒಂದೇ ಆದರೂ ಒಂದರ ಬಾಯಿಗೆ ಇನ್ನೊಂದು ಹೊಂದುವುದಿಲ್ಲ. ಇವೆರಡನ್ನೂ ಜೋಡಿಸುವ ಸಣ್ಣ ಬೋರ್ಡೇ ಅಡಾಪ್ಟರ್. ಮೊದಲನೆಯದನ್ನು ಮಾಡಿದ್ದು ನನ್ನದೇ ಹಳೆಯ ಕ್ಯಾಸೆಟ್ಟಿಗಾಗಿ. ಸಾಲ್ಡರ್ ಹಿಡಿಯುವುದನ್ನು ಯಜಮಾನರ ಅಂಗಡಿಯಲ್ಲಿ ಕಲಿತೆ. ತಾಳ್ಮೆಯನ್ನು ಮಾತ್ರ ಚಿಕ್ಕಬಳ್ಳಾಪುರದ ಕಾನ್ವೆಂಟಿನಲ್ಲಿ ಕಸೂತಿ ಹೇಳಿಕೊಟ್ಟ ಸಿಸ್ಟರ್ ಕಲಿಸಿದ್ದರು. ಬಟ್ಟೆಯ ಮುಂಭಾಗ ನೋಡದೆ ಹಿಂಭಾಗ ತಿರುಗಿಸಿ ಮಾರ್ಕು ಹಾಕುವವರು ಅವರು. ಫೋಟೋ ತೆಗೆದು ಆನ್‌ಲೈನಿನಲ್ಲಿ ಹಾಕಿದೆ, ಒಬ್ಬರು ಕೇಳಿದರು, ಇನ್ನೊಬ್ಬರು ಕೇಳಿದರು, ಹಾಗೇ ವ್ಯಾಪಾರವಾಯಿತು.

ಅಂದು ಹನ್ನೊಂದರ ಹೊತ್ತಿಗೆ ಗೇಟಿನ ಬಳಿ ಒಬ್ಬರು ನಿಂತಿದ್ದರು. ನಲವತ್ತು ದಾಟಿದ ವಯಸ್ಸು, ಒಗೆದು ಇಸ್ತ್ರಿ ಮಾಡಿದ ಅಂಗಿ, ಉಗುರಿನ ಸಂದಿಯಲ್ಲಿ ಹಿಪ್ಪುನೇರಳೆ ಸೊಪ್ಪಿನ ಹಸಿರು. ದಿಬ್ಬೂರಹಳ್ಳಿಯ ನಾರಾಯಣಸ್ವಾಮಿ ಎಂದರು. ಹಬ್ಬಕ್ಕೆ ಮೊದಲು ಆ ಹೆಸರಿಗೆ ಅಡಾಪ್ಟರ್ ಕೊರಿಯರ್ ಮಾಡಿದ್ದು ನೆನಪಾಯಿತು.

"ಹುಳಕ್ಕೆ ಸೊಪ್ಪು ಹಾಕಿ ಮೊದಲನೇ ಬಸ್ಸಿಗೇ ಬರಣ ಅಂತಿದ್ದೆ ಕಣಮ್ಮ, ಆಗ್ಲಿಲ್ಲ. ನೀವು ಕಳಿಸಿದ್ದು ಕೆಲಸ ಮಾಡ್ತಿಲ್ಲ. ಸೆಟ್ಟು ಹತ್ತುತ್ತೆ. ಟಿ.ವಿ. ತುಂಬಾ ಬರೀ ಬೂದಿ ಬಣ್ಣ."

ಚೀಲದಿಂದ ಅಡಾಪ್ಟರನ್ನೂ ಒಂದು ಬೂದು ಕ್ಯಾಸೆಟ್ಟನ್ನೂ ತೆಗೆದು ಮೇಜಿನ ಮೇಲಿಟ್ಟರು. ನಾನು ಒಂದೊಂದಾಗಿ ಒರೆಸಿ ಕಳಿಸಿದ್ದ ಚಿನ್ನದ ಬಣ್ಣದ ಪಿನ್ನುಗಳ ಮೇಲೆ ಅಡ್ಡಡ್ಡ ಮೂರೆಳೆ ವಿಭೂತಿ, ನಡುವೆ ದುಂಡಗೆ ಕುಂಕುಮ. ಕ್ಯಾಸೆಟ್ಟಿನ ಬಾಯೊಳಗೂ ಬೆರಳು ತೂರಿಸಿ ಕುಂಕುಮ ಇಟ್ಟಿದ್ದರು. ಮೇಲೆ ಅರಿಶಿನದ ನೀರು ಚಿಮುಕಿಸಿದ ಕಲೆ.

"ಆಯುಧಪೂಜೆಗೆ ಇಟ್ಟಿದ್ರಾ?"

"ಇನ್ನೇನಮ್ಮ ಮತ್ತೆ? ಹಬ್ಬದ ಹಿಂದಿನ ದಿನ ಬಂತು. ಪೂಜೆ ಆಗದೆ ಹೊಸ ಮೆಷೀನು ಹೆಂಗೆ ಹಾಕೋದು? ಟ್ರ್ಯಾಕ್ಟರು, ಸೊಪ್ಪು ಕತ್ತರಿಸೋ ಕತ್ತಿ, ಇದು, ಎಲ್ಲಾ ಸಾಲಾಗಿಟ್ಟು ನಮ್ಮ ಮನೆಯವಳು ಪೂಜೆ ಮಾಡಿದ್ಳು."

ಪಿನ್ನುಗಳನ್ನು ಒದ್ದೆ ಮಾಡಬಾರದು, ಒಣ ಬಟ್ಟೆಯಲ್ಲಷ್ಟೇ ಒರೆಸಬೇಕು ಎಂದು ಚೀಟಿಯಲ್ಲಿ ಬರೆದಿದ್ದೆನಲ್ಲ ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂತು. ಅಷ್ಟರಲ್ಲಿ ಅವರೇ ಜೇಬಿನಿಂದ ಆ ಚೀಟಿ ತೆಗೆದು ಬಿಡಿಸಿದರು. ನಾಲ್ಕು ಮೂಲೆಗೂ ಕುಂಕುಮ ಇಟ್ಟಿತ್ತು. ಅಂದವಾದ ಅಕ್ಷರದಲ್ಲಿ ನಾನು ಬರೆದ ಎಂಟು ಸಾಲು. ಎಂಟೂ ಇಂಗ್ಲಿಷ್.

"ಗ್ಯಾರಂಟಿ ಕಾಗದ ಅಂದ್ಕೊಂಡೆ," ಎಂದರು.

ನನಗೆ ನಾಚಿಕೆಯಾಯಿತು. ಕೂರಲು ಹೇಳಿ ನೀರು ಕೊಟ್ಟೆ. ಹೊಸ ಅಡಾಪ್ಟರ್ ಕೊಡುತ್ತೇನೆ, ಚಿಂತೆ ಬೇಡ ಎಂದೆ. ಅವರು ತಲೆಯಲ್ಲಾಡಿಸಿದರು.

"ಅದಲ್ಲಮ್ಮ. ಕ್ಯಾಸೆಟ್ಟೊಳಗೆ ನಮ್ಮಕ್ಕನ ಹೆಸ್ರೈತೆ. ಅದು ಹೋಗಿದ್ರೆ?"

ಆಗ ಹೇಳಿದರು. ಹಡಗಿನಲ್ಲಿ ಕೆಲಸಕ್ಕಿದ್ದ ಚಿಕ್ಕಪ್ಪ ಸೆಟ್ಟನ್ನೂ ಈ ಕ್ಯಾಸೆಟ್ಟನ್ನೂ ತಂದುಕೊಟ್ಟಿದ್ದರಂತೆ. ಅಕ್ಕ ಸರೋಜಮ್ಮ, ಇವರು, ಇಬ್ಬರೂ ರಜೆಯೆಲ್ಲ ಅದನ್ನೇ ಆಡಿದವರು. ಆಮೇಲೆ ಆ ಸೆಟ್ಟು ಕೆಟ್ಟಿತು; ಈಗ ಇವರಿಗೆ ಸಿಕ್ಕಿದ್ದು ನಮ್ಮ ಕಡೆಯ ಅರವತ್ತು ಪಿನ್ನಿನ ಸೆಟ್ಟು, ಅದಕ್ಕೇ ಅಡಾಪ್ಟರ್ ತರಿಸಿದ್ದು. ಅಕ್ಕ ಮದುವೆಯಾಗಿ ಗೌರಿಬಿದನೂರಿಗೆ ಹೋದರು. ಅಮ್ಮನ ತಿಥಿಯ ದಿನ ಯಾವುದೋ ಮಾತಿಗೆ ಮಾತು ಬೆಳೆದು, ನಾಲ್ಕು ವರ್ಷದಿಂದ ಅಕ್ಕ ತಮ್ಮನ ಜೊತೆ ಮಾತಾಡಿಲ್ಲ. ಫೋನ್ ಮಾಡಿದರೂ ಇವರ ಹೆಂಡತಿಯ ಜೊತೆ ಮಾತ್ರ ಮಾತಾಡಿ ಇಟ್ಟುಬಿಡುತ್ತಾರೆ.

"ತಪ್ಪು ನಂದೇ. ಆದ್ರೆ ಸುಮ್ನೆ ಫೋನ್ ಮಾಡಿ ಏನಂತ ಶುರು ಮಾಡಲಿ? ಅವಳ ಹೆಸ್ರು ಟಿ.ವಿ.ಲಿ ಬಂದ್ರೆ ಫೋಟೋ ಹೊಡೆದು ಕಳಿಸಣ ಅಂತ."

ಇಂಥ ಕೆಲವು ಕ್ಯಾಸೆಟ್ಟುಗಳ ಒಳಗೆ ನಾಣ್ಯದಷ್ಟು ದೊಡ್ಡ ಬ್ಯಾಟರಿ ಇರುತ್ತದೆ. ಎಲ್ಲಿಯವರೆಗೆ ಆಡಿದ್ದೆವು ಎಂಬ ನೆನಪನ್ನು, ಹೆಸರಿನ ಸಮೇತ, ಅದೇ ಕಾಯುವುದು. ಡಬ್ಬ ಬಿಚ್ಚಿ ಮೀಟರ್ ಇಟ್ಟೆ. ಮೂರು ವೋಲ್ಟ್ ಇರಬೇಕಾದದ್ದು ಎರಡೂಕಾಲಿಗೆ ಇಳಿದಿತ್ತು. ಇನ್ನೂ ಜೀವವಿದೆ ಎಂದೆ.

"ಎಷ್ಟು ಸಲ ಆನ್ ಆಫ್ ಮಾಡಿದ್ರಿ?"

"ಐದಾರು ಸಲ."

"ಆಫ್ ಮಾಡೋವಾಗ ರೀಸೆಟ್ ಒತ್ತಿ ಹಿಡಿದಿದ್ರಾ?"

ಅವರ ಮುಖ ಸಪ್ಪಗಾಯಿತು. "ಅಯ್ಯೋ ದೇವುಡಾ! ಮರೆತೇಬಿಟ್ಟೆ. ಅದಕ್ಕೇ ಅಕ್ಕ ತಲೆ ಮೇಲೆ ಮೊಟಕ್ತಿದ್ಳು."

ಪವರ್ ಹೋಗುವ ಆ ಒಂದು ಕ್ಷಣದಲ್ಲಿ ಸೆಟ್ಟು ತೋಚಿದ್ದನ್ನು ನೆನಪಿನ ಮೇಲೆ ಗೀಚಿಬಿಡಬಹುದು. ರೀಸೆಟ್ ಒತ್ತಿ ಹಿಡಿದರೆ ಗೀಚುವುದಿಲ್ಲ. ಜೊತೆಗೆ ಒದ್ದೆ ಕುಂಕುಮ ಒಂದು ಪಿನ್ನಿನಿಂದ ಇನ್ನೊಂದಕ್ಕೆ ಕರೆಂಟು ದಾಟಿಸಿದ್ದರೆ ಏನೂ ಆಗಿರಬಹುದು. ಸುಳ್ಳು ಧೈರ್ಯ ಹೇಳಲು ಮನಸ್ಸು ಬರಲಿಲ್ಲ.

"ಇದೆಯೋ ಇಲ್ಲವೋ ಹಾಕಿ ನೋಡೋವರೆಗೂ ಗೊತ್ತಾಗಲ್ಲ. ಪೂರ್ತಿ ಒಣಗದೆ ಹಾಕಿದ್ರೆ ಇರೋದೂ ಹೋಗುತ್ತೆ. ಸಾಯಂಕಾಲದವರೆಗೆ ಕಾಯ್ತೀರಾ?"

"ನಾಲ್ಕು ವರ್ಷ ಕಾಯ್ದಿದ್ದೀನಿ, ಸಾಯಂಕಾಲದ ಗಂಟ ಏನು ಮಹಾ," ಎಂದು ಗೋಡೆಗೆ ಒರಗಿ ಕುಳಿತರು.

ಬಟ್ಟೆ ಹೊಲಿಯುವ ಸೂಜಿಗೆ ಹತ್ತಿ ಸುತ್ತಿ, ಬೋರ್ಡು ತೊಳೆಯುವ ಆಲ್ಕೋಹಾಲಿನಲ್ಲಿ ಅದ್ದಿ ಒಂದೊಂದೇ ಪಿನ್ ಉಜ್ಜಿದೆ. ಹತ್ತಿ ಕೆಂಪಾಗಿ ಬಂತು, ಆಮೇಲೆ ಗುಲಾಬಿ, ಕೊನೆಗೆ ಬಿಳಿ. ಎಲ್ಲೂ ಬ್ಯಾಟರಿಯ ಕಾಲಿಗೆ ತಾಗದಂತೆ ನೋಡಿಕೊಂಡೆ. ಹತ್ತಿಗೆ ಬಂದ ಪೂಜೆಯ ಕುಂಕುಮ ವ್ಯರ್ಥವಾಗಬಾರದೆಂಬಂತೆ ಅವರು ಹತ್ತಿಯ ತುಂಡುಗಳನ್ನೆಲ್ಲ ಆರಿಸಿ ಕಾಗದದಲ್ಲಿ ಕಟ್ಟಿಟ್ಟುಕೊಂಡರು. ಮಧ್ಯಾಹ್ನ ಮುದ್ದೆ, ಅವರೆಕಾಳಿನ ಸಾರು ಬಡಿಸಿದೆ. ಬೋರ್ಡು ಫ್ಯಾನಿನ ಕೆಳಗೆ ಒಣಗಿತು.

ನಾಲ್ಕು ಗಂಟೆಗೆ ನನ್ನ ಸೆಟ್ಟನ್ನು ಟಿ.ವಿ.ಗೆ ಸಿಕ್ಕಿಸಿ, ಹೊಸ ಅಡಾಪ್ಟರಿಗೆ ಮೊದಲು ನನ್ನ ಕ್ಯಾಸೆಟ್ ಹಾಕಿ ನೋಡಿದೆ. ಚೆನ್ನಾಗಿ ಬಂತು. ಆಮೇಲೆ ಅವರದು ಕೂರಿಸಿ ಸ್ವಿಚ್ಚಿನಿಂದ ಕೈ ತೆಗೆದೆ.

"ನೀವೇ ಹಾಕಿ."

ಅವರು ಕೈಯನ್ನು ಅಂಗಿಗೆ ಒರೆಸಿಕೊಂಡು ಸ್ವಿಚ್ ಒತ್ತಿದರು. ಪರದೆ ಕಪ್ಪಾಯಿತು, ಸಂಗೀತ ಬಂತು, ಬಟನ್ ಒತ್ತಿದ ಮೇಲೆ ಹೆಸರುಗಳ ಪಟ್ಟಿ. ಮೊದಲ ಸಾಲಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ 'ಸರೋಜ'. ಎರಡನೆಯ ಸಾಲಿನಲ್ಲಿ 'ಕತ್ತೆ'.

ನಾನು ಅವರ ಮುಖ ನೋಡಿದೆ.

"ಅದು ನಾನೇ ಕಣಮ್ಮ," ಎಂದು ಕಣ್ಣೊರೆಸಿಕೊಂಡರು. "ಹೆಸ್ರು ಹಾಕೋದು ಅವಳಿಗೇ ಬರ್ತಿದ್ದಿದ್ದು."

ಫೋಟೋ ತೆಗೆದು ಕಳಿಸಿದರು. ಕೆಳಗೆ ಒಂದಕ್ಷರವನ್ನೂ ಬರೆಯಲಿಲ್ಲ. ರೀಸೆಟ್ ಒತ್ತಿ ಹಿಡಿದು, ಎರಡೆರಡು ಸಲ ನನ್ನನ್ನು ಕೇಳಿ ಪವರ್ ಆಫ್ ಮಾಡಿದರು. ಹೊಸ ಬ್ಯಾಟರಿ ಹಾಕುವಾಗ ನೆನಪು ಅಳಿಯದಿರಲೆಂದು ಪಕ್ಕದಲ್ಲಿ ಎರಡು ಪೆನ್ಸಿಲ್ ಸೆಲ್ ಜೋಡಿಸಿದೆ. ನಮ್ಮ ಬೀದಿಯ ಅರ್ಥಿಂಗ್ ನಂಬುವಂತಿಲ್ಲ, ಐರನ್ನಿನ ತುದಿಯಿಂದ ಬೋರ್ಡಿಗೆ ಕರೆಂಟು ಸೋರಿದರೂ ಸೋರಬಹುದು, ಹಾಗಾಗಿ ಐರನ್ ಕಾದ ಮೇಲೆ ಪ್ಲಗ್ ಕಿತ್ತೇ ಬೋರ್ಡಿಗೆ ಮುಟ್ಟಿಸಿದೆ. ಮತ್ತೆ ಹಾಕಿ ನೋಡಿದಾಗಲೂ ಎರಡೂ ಹೆಸರು ಇದ್ದವು.

ಅವರು ಚಪ್ಪಲಿ ಮೆಟ್ಟುವ ಹೊತ್ತಿಗೆ ಫೋನ್ ಬಂತು. ಹೆಸರು ನೋಡಿ ಹಾಗೇ ಗೇಟಿನ ಕಡೆ ನಡೆದರು. ನಾನು ಒಳಗೇ ಉಳಿದೆ.

ಅಷ್ಟು ಹೊತ್ತೂ ಕುಂಕುಮದ ಚೀಟಿ ನನ್ನ ಮುಂದೆಯೇ ಇತ್ತು. ಐರನ್ನಿಗೆ ಪೂಜೆ ಮಾಡುವವಳು ನಾನೂ ಹೌದು. ಆದರೆ ಕುಂಕುಮವನ್ನು ಹಿಡಿಗೆ ಇಡಬೇಕು, ತುದಿಗೆ ಇಡಬಾರದು ಎಂಬುದು ನನಗೆ ಗೊತ್ತಿದ್ದದ್ದು ಕೆಲಸ ಗೊತ್ತಿದ್ದರಿಂದ. ಕೊಳ್ಳುವವರಿಗೆ ಅದು ತಾನಾಗಿ ಗೊತ್ತಾಗುತ್ತದೆಂದು ಯಾವ ಧೈರ್ಯದಲ್ಲಿ ಅಂದುಕೊಂಡೆನೋ. ವಸ್ತು ಮಾಡಿ ಮುಗಿಸಿದರೆ ಕೆಲಸದ ಅರ್ಧ ಮುಗಿಯುತ್ತದೆ. ಅದು ಯಾರ ಮನೆಗೆ ಹೋಗುತ್ತದೆ, ಅಲ್ಲಿ ಮೊದಲು ಏನು ಮಾಡುತ್ತಾರೆ ಎಂದು ಯೋಚಿಸುವುದು ಉಳಿದರ್ಧ. ಅಂದೇ ಹೊಸ ಚೀಟಿ ಬರೆದೆ, ಕನ್ನಡದಲ್ಲಿ. ಮೊದಲ ಸಾಲು ಇದು: "ಪೂಜೆ ಮಾಡುವುದಾದರೆ ಹೊರಗಿನ ಡಬ್ಬಕ್ಕೆ ಮಾಡಿ, ಪಿನ್ನುಗಳಿಗೆ ನೀರು, ಕುಂಕುಮ, ವಿಭೂತಿ ಸೋಕಿಸಬೇಡಿ." ಈಗಲೂ ಅದೇ ಚೀಟಿ ಹೋಗುತ್ತದೆ.

ದೀಪ ಹಚ್ಚುವ ಹೊತ್ತಿಗೆ ಎದುರು ಮನೆಯ ವೆಂಕಟಲಕ್ಷ್ಮಮ್ಮ ಕರಿಬೇವು ಕೇಳಲು ಬಂದರು.

"ನಿಮ್ಮನೆಗೆ ಬಂದಿದ್ದ ಆ ಯಪ್ಪ ಯಾರಮ್ಮ? ಅರ್ಧ ಗಂಟೆ ಗೇಟಲ್ಲಿ ನಿಂತ್ಕೊಂಡು ಫೋನಲ್ಲಿ ಬೈಸ್ಕೊಂಡ, ಬಸ್ಸು ಮುಂದೇನೇ ಹೋದ್ರೂ ಹತ್ತಲಿಲ್ಲ. ಆ ಹೆಂಗಸಿನ ಗಂಟಲು ನಮ್ಮ ಜಗಲಿಗೇ ಕೇಳ್ತಿತ್ತು."

"ಅಕ್ಕ ಅಂತೆ. ನಾಲ್ಕು ವರ್ಷ ಮಾತಾಡಿರಲಿಲ್ವಂತೆ."

"ಅದಕ್ಕೇ ಮತ್ತೆ," ಎಂದು ಕರಿಬೇವಿನ ಎಸಳು ಮುರಿಯುತ್ತಾ ಹೇಳಿದರು, "ನಾಲ್ಕು ವರ್ಷದ್ದು ಒಂದೇ ಸಲ ಬೈಬೇಕಲ್ಲ, ಬಸ್ಸು ಹೋಗೋದು ಅವನಿಗೆಲ್ಲಿ ಕಾಣುತ್ತೆ?"