ಕ್ಯುವೆಟ್ ತೊಳೆದವರು

ಪದ್ಮರಾಜ ಸರ್ ಔಷಧದ ದ್ರಾವಣವನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿ, ಮಾತ್ರೆ ಒಳ್ಳೆಯದೋ ಕೆಟ್ಟದ್ದೋ ಹೇಳಿಬಿಡುತ್ತಿದ್ದರು ಎಂದು ನಮ್ಮ ಕಾರ್ಖಾನೆಯಲ್ಲಿ ಈಗಲೂ ಹೇಳುತ್ತಾರೆ. ಒಂದು ಕಣ್ಣು ಮುಚ್ಚುತ್ತಿದ್ದದ್ದು ನಿಜ. ಉಳಿದದ್ದು ಆಗದ ಮಾತು. ನಾವು ಅಳೆಯುವುದು ಕಣ್ಣಿಗೆ ಕಾಣದ ನೇರಳಾತೀತ ಬೆಳಕನ್ನು. ದ್ರಾವಣ ನೋಡಲು ಬಾವಿಯ ನೀರಿನ ಹಾಗೆಯೇ ಇರುತ್ತದೆ. ಅವರು ಹುಡುಕುತ್ತಿದ್ದದ್ದು ಬೆರಳಚ್ಚನ್ನು. ದ್ರಾವಣ ತುಂಬಿ, ಬೆಳಕು ಅಳೆಯುವ ಯಂತ್ರದೊಳಗೆ ಇಡುವ ಸಣ್ಣ ಚೌಕ ಪಾತ್ರೆಗೆ ಕ್ಯುವೆಟ್ ಎನ್ನುತ್ತಾರೆ. ಅದರ ನುಣುಪು ಮೈಯನ್ನು ಯಾರಾದರೂ ಮುಟ್ಟಿದ್ದಾರೋ ಎಂದು ನೋಡುತ್ತಿದ್ದರು. ಹೆಚ್ಚಾಗಿ ಮುಟ್ಟಿರುತ್ತಿದ್ದರು. ಹೆಚ್ಚಾಗಿ ಅದು ನಾನೇ.

ಬಂಟ್ವಾಳದ ಹತ್ತಿರದ ಆ ಸಣ್ಣ ಮಾತ್ರೆ ಕಾರ್ಖಾನೆಯ ಲ್ಯಾಬಿಗೆ ನಾನು ಸೇರಿದಾಗ ಅವರ ನಿವೃತ್ತಿಗೆ ಒಂದೇ ವರ್ಷ ಉಳಿದಿತ್ತು. ಅಳದಂಗಡಿಯ ಜೈನರು. ಬೆಳಿಗ್ಗೆ ಎರಡು ಬಸ್ಸು ಹಿಡಿದು ಎಲ್ಲರಿಗಿಂತ ಮೊದಲು ಬಂದಿರುತ್ತಿದ್ದರು. ಸೂರ್ಯ ಮುಳುಗುವ ಮೊದಲು ಊಟ ಮುಗಿಸುವವರಾದ್ದರಿಂದ, ಕೆಲಸ ಉದ್ದವಾದ ದಿನ ಐದೂವರೆಗೆ ಸರಿಯಾಗಿ ಬುತ್ತಿ ಬಿಚ್ಚುತ್ತಿದ್ದರು, ಎದುರಿಗೆ ಡ್ರಗ್ಸ್ ಇನ್ಸ್‌ಪೆಕ್ಟರ್ ಕೂತಿದ್ದರೂ. ಕ್ಯಾಂಟೀನಿನಲ್ಲಿ ತುಳು, ಲ್ಯಾಬಿನ ಬಾಗಿಲು ದಾಟಿದರೆ ಕನ್ನಡ. ಯಾಕೆಂದು ಕೇಳಿದ್ದಕ್ಕೆ, “ತುಳುವಿನಲ್ಲಿ ಬೈದ್ರೆ ನಿಮಗೆ ನಗು ಬರ್ತದೆ” ಎಂದಿದ್ದರು.

ನಾನು ಮೂಡುಬಿದಿರೆಯಲ್ಲಿ ಓದುವಾಗ ಚರ್ಚಾಸ್ಪರ್ಧೆಗಳಲ್ಲಿ ವಿರೋಧ ಪಕ್ಷಕ್ಕೇ ಹೆಸರು ಕೊಡುತ್ತಿದ್ದವಳು. ಮೊದಲ ವಾರವೇ ತಕರಾರು ತೆಗೆದೆ. ಒಂದೇ ಮಾತ್ರೆಯಲ್ಲಿ ಎರಡು ಔಷಧ ಉಂಟು, ಕರಗಿಸಿದ ಮೇಲೆ ಎರಡೂ ಬೆರೆತು ಹೋಗಿವೆ. ಬೇರ್ಪಡಿಸದೆ ಯಾವುದು ಎಷ್ಟು ಎಂದು ಹೇಳುವುದು ಹೇಗೆ?

“ಇಬ್ಬರು ನೆಂಟರು ಬಂದಿದ್ದಾರೆ ಅಂತ ಇಟ್ಕೊಳ್ಳುವ,” ಎಂದರು. “ಒಬ್ಬನಿಗೆ ಪಾಯಸ ಜೋರು, ಸಾರು ಸ್ವಲ್ಪ. ಇನ್ನೊಬ್ಬನಿಗೆ ಸಾರು ಜೋರು, ಪಾಯಸ ಸ್ವಲ್ಪ. ಅವರು ಉಣ್ಣುದನ್ನು ನೀನು ನೋಡ್ಲಿಲ್ಲ. ಎರಡು ಪಾತ್ರೆ ಎಷ್ಟೆಷ್ಟು ಖಾಲಿ ಆಗಿದೆ ನೋಡಿದ್ರೆ ಯಾರು ಎಷ್ಟು ಉಂಡ್ರು ಲೆಕ್ಕ ಸಿಗುದಿಲ್ವಾ?”

ಪಾತ್ರೆಯೆಂದರೆ ಬೆಳಕಿನ ಒಂದೊಂದು ತರಂಗಾಂತರ. ಅಲ್ಲಿ ಎಷ್ಟು ಬೆಳಕು ಕಡಿಮೆಯಾಯಿತು ಎಂಬುದನ್ನು ಯಂತ್ರ ಹೇಳುತ್ತದೆ. ಎರಡು ತರಂಗಾಂತರ, ಎರಡು ಸಮೀಕರಣ, ಎರಡು ಉತ್ತರ.

“ಹೇಳದೆ ಕೇಳದೆ ಮೂರನೆಯವನೊಬ್ಬ ಬಂದು ಉಂಡು ಹೋಗಿದ್ದರೆ ಸರ್?”

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. “ಆಗ್ಲೂ ಸಮೀಕರಣ ಉತ್ತರ ಕೊಡ್ತದೆ ಮಾರಾಯ್ತಿ. ಅದಕ್ಕೆ ಇಲ್ಲ ಅಂತ ಹೇಳ್ಲಿಕ್ಕೆ ಬರುದಿಲ್ಲ. ಮೂರನೆಯವ ಉಂಡದ್ದನ್ನು ಈ ಇಬ್ಬರ ತಲೆಗೇ ಕಟ್ತದೆ. ಹಾಗಾಗಿ ನಾನು ಮೂರನೇ ಪಾತ್ರೆಯ ಮುಚ್ಚಳವನ್ನೂ ತೆಗೆದು ನೋಡುದು.”

ಅಂದರೆ, ಸಿಕ್ಕಿದ ಎರಡು ಉತ್ತರಗಳ ಪ್ರಕಾರ ಮೂರನೆಯ ತರಂಗಾಂತರದಲ್ಲಿ ಎಷ್ಟು ಬರಬೇಕೆಂದು ಮೊದಲೇ ಲೆಕ್ಕ ಹಾಕಿ ಬರೆದಿಟ್ಟು, ಆಮೇಲೆ ಅಳೆಯುವುದು. ಅದು ಕಂಪೆನಿಯ ನಿಯಮದಲ್ಲಿ ಇರಲಿಲ್ಲ. “ಇದು ನಿಮ್ಮ ಅನೇಕಾಂತವಾ ಸರ್, ಎಲ್ಲ ಕಡೆಯಿಂದ ನೋಡುದು?” ಎಂದು ಕೆಣಕಿದೆ. “ಬಸದಿಯದ್ದನ್ನು ಇಲ್ಲಿಗೆ ತರ್ಬೇಡ. ಇದು ಪಿಯುಸಿ ಗಣಿತ” ಎಂದರು.

ಅವರು ಕಣ್ಣಿನಲ್ಲೇ ಹಿಡಿದರು ಎಂದು ಹೇಳುತ್ತಾರಲ್ಲ, ಆ ಬ್ಯಾಚಿನ ದಿನಕ್ಕೆ ಬರುತ್ತೇನೆ. ಬೆಳ್ತಂಗಡಿಯಲ್ಲಿ ಬಸ್ಸು ಕೆಟ್ಟು ಸರ್ ಬಂದದ್ದು ಹತ್ತೂವರೆಗೆ. ಅಷ್ಟರೊಳಗೆ ಮುಗಿಸಿ ತೋರಿಸುವ ಚಪಲ ನನಗೆ. ಆ ವಾರವೇ ನನ್ನ ಕೆಲಸ ಖಾಯಂ ಆಗುವುದಿತ್ತು. ಒಂಬತ್ತು ಗಂಟೆಗೆ ಕ್ಯುವೆಟ್ಟನ್ನು, ಬೇಗ ಒಣಗಲಿ ಎಂದು, ಘಾಟು ವಾಸನೆಯ ಅಸಿಟೋನ್ ದ್ರವದಲ್ಲಿ ತೊಳೆದೆ. ಆಮೇಲೆ ಮಾತ್ರೆಯ ದ್ರಾವಣದಿಂದಲೇ ಎರಡು ಸಲ ಕುಲುಕಿ ಚೆಲ್ಲಬೇಕೆಂಬ ನಿಯಮ ಬಿಟ್ಟು ನೇರ ತುಂಬಿಸಿದೆ. ಎರಡೂ ಔಷಧ ಮಿತಿಯೊಳಗೆ ಬಂದವು.

ಸರ್ ಬರುವಾಗ ಪ್ರೊಡಕ್ಷನ್ನಿನ ಜಯಂತಣ್ಣ ಲ್ಯಾಬಿನ ಬಾಗಿಲಲ್ಲಿ ನಿಂತಿದ್ದರು. “ಸರ್, ಲಾರಿ ಬಂದು ನಿಂತಿದೆ. ರಿಸಲ್ಟ್ ಬಂತಂತಲ್ಲ?”

“ಬಂದದ್ದು ಹೌದು. ನಾನು ನೋಡಿದ್ದು ಇಲ್ಲ.”

“ನೋಡ್ಲಿಕ್ಕೆ ಎಂತ ಉಂಟು ಸರ್, ಪಾಸಲ್ವಾ!”

“ಹಾಗಾದ್ರೆ ನೀನೇ ಸೈನ್ ಹಾಕು. ಪೆನ್ನು ಕೊಡ್ತೇನೆ.”

ಜಯಂತಣ್ಣ ನಗುತ್ತಾ ಹಿಂದೆ ಸರಿದರು. ಸರ್ ಮೂರನೆಯ ತರಂಗಾಂತರದಲ್ಲಿ ಅಳೆದರು. ಬರಬೇಕಾದ್ದಕ್ಕಿಂತ ಹೆಚ್ಚು ಬಂತು. ಕ್ಯುವೆಟ್ಟನ್ನು ಬೆಳಕಿಗೆ ಹಿಡಿದರು, ಜಯಂತಣ್ಣ ನೋಡಿದ್ದು ಅಷ್ಟನ್ನೇ. ಆಮೇಲೆ ಮೂಗಿನ ಹತ್ತಿರ ತಂದರು. ಅದನ್ನು ನೋಡಿದವಳು ನಾನೊಬ್ಬಳು. ಸರ್ ತಾವೇ ತೊಳೆದು, ಹೊಸ ಮಾತ್ರೆ ಪುಡಿ ಮಾಡಿ, ಮೊದಲಿನಿಂದ ಮಾಡಿದರು. ಈ ಸಲ ಮೂರನೆಯ ಕಡೆ ಲೆಕ್ಕ ಕೂಡಿತು; ಆದರೆ ಎರಡರಲ್ಲಿ ಒಂದು ಔಷಧ ಮಿತಿಗಿಂತ ಕೆಳಗೆ. ಆ ಬೆಳಕನ್ನು ತಾನೂ ಹೀರುವ ನನ್ನ ಅಸಿಟೋನ್ ಕಡಿಮೆಯಿದ್ದ ಔಷಧದ ಜಾಗವನ್ನು ತುಂಬಿ ತೋರಿಸಿತ್ತು. ಇನ್ನೊಮ್ಮೆ ಮಾಡಿದರು, ಹಾಗೆಯೇ ಬಂತು. ಲಾರಿ ಖಾಲಿ ಹೋಯಿತು.

ಮರುದಿನ ದಾಖಲೆ ಪುಸ್ತಕ ತೆರೆದೆ. ಅವರ ದುಂಡು ಅಕ್ಷರದಲ್ಲಿ ಮೂರು ಸಾಲು: ಮೊದಲ ಅಳತೆ ರದ್ದು, ಕ್ಯುವೆಟ್ಟಿನಲ್ಲಿ ಅಸಿಟೋನ್ ಉಳಿದಿತ್ತು, ಅದನ್ನು ತೊಳೆದವನು ನಾನು. ಕೆಳಗೆ ಸಹಿ.

ಒಂಬತ್ತು ಗಂಟೆಗೆ ಅವರು ಬೆಳ್ತಂಗಡಿಯಲ್ಲಿದ್ದರು. ಬಂದ ಹೊತ್ತು ಬರೆಯುವ ಗೇಟಿನ ಪುಸ್ತಕ ನೋಡಿದ್ದರೆ ಯಾರಿಗಾದರೂ ಗೊತ್ತಾಗುತ್ತಿತ್ತು. ಯಾರೂ ನೋಡಲಿಲ್ಲ. ನಾನೂ ತೋರಿಸಲಿಲ್ಲ. ಅವರಿಗೆ ಎಚ್ಚರಿಕೆಯ ಪತ್ರ ಬಂತು, ನನಗೆ ಖಾಯಂ ಆದ ಪತ್ರ. ನಿವೃತ್ತರಾದವರನ್ನು ಎರಡು ವರ್ಷ ಸಲಹೆಗಾರರಾಗಿ ಇಟ್ಟುಕೊಳ್ಳುವ ಪದ್ಧತಿ ನಮ್ಮಲ್ಲಿತ್ತು. ಅವರಿಗೆ ಅದರ ಆಸೆಯೂ ಇತ್ತು. ಆ ಎಚ್ಚರಿಕೆಯ ಪತ್ರ ಮುಂದಿಟ್ಟು ಕಂಪೆನಿಯವರು ಬೇಡ ಎಂದರು. ಬೀಳ್ಕೊಡುಗೆಯಲ್ಲಿ ಜಯಂತಣ್ಣ ಕಣ್ಣಿನಲ್ಲೇ ಬ್ಯಾಚ್ ಹಿಡಿದ ಕಥೆ ಹೇಳಿದರು. ನಾನೂ ಚಪ್ಪಾಳೆ ತಟ್ಟಿದೆ.

ಇದನ್ನು ದೊಡ್ಡ ಮನಸ್ಸು ಎಂದು ಕರೆದು ಮುಗಿಸಬಹುದು. ನನಗೆ ಅಷ್ಟು ಸುಲಭದಲ್ಲಿ ಒಪ್ಪಿಗೆಯಾಗುವುದಿಲ್ಲ. ಒಂದು ಅಂಕಿಯನ್ನೂ ತಿದ್ದಲು ಬಿಡದ ಮನುಷ್ಯ ತನ್ನ ಕೈಯಾರೆ ಸುಳ್ಳು ಬರೆದದ್ದು ಯಾಕೆ? ಅದೂ ನನ್ನನ್ನು ಒಂದು ಮಾತೂ ಕೇಳದೆ?

ಕಳೆದ ತಿಂಗಳು ಅಳದಂಗಡಿಗೆ ಹೋದೆ. ಚಾವಡಿಯಲ್ಲಿ ಕೂತು ಮೊಮ್ಮಗಳ ಪುಸ್ತಕಕ್ಕೆ ಬೈಂಡು ಹಾಕುತ್ತಿದ್ದರು. “ಬಾ ಬಾ. ಯಂತ್ರದ ಲ್ಯಾಂಪ್ ಬದಲಾಯಿಸಿದ್ರಾ, ಇಲ್ಲ ಅದೇ ಹಳತರಲ್ಲಿ ಉಂಟಾ?” ಎಂದರು. ಬದಲಾಯಿಸಿದ್ದೇವೆ ಎಂದೆ. ಬೆಲ್ಲ, ನೀರು ಬಂತು. ನೀರು ಕುಡಿದು ಲೋಟ ಕೆಳಗಿಟ್ಟೆ.

“ಸರ್, ತೊಳೆದವನು ನಾನು ಅಂತ ನೀವು ಬರೆದ್ರಲ್ಲ,” ಎಂದೆ. ಅವರ ಕೈಯಲ್ಲಿದ್ದ ಕತ್ತರಿ ನಿಂತಿತು. “ಕೇಳಿದ್ರೆ ನಾನು ನಿಜ ಹೇಳುದಿಲ್ಲ ಅಂತ ನಿಮಗೆ ಅಷ್ಟು ಗ್ಯಾರಂಟಿ ಇತ್ತಾ?”