ಚೀಲದಲ್ಲಿದ್ದ ಹರಕೆ ಕಾಯಿ

ಇವತ್ತು ಬೆಳಿಗ್ಗೆ ತಿಪಟೂರಿನ ಮಂಡಿಯಲ್ಲಿ ನಾಲ್ಕು ಕೊಬ್ಬರಿ ತೋರಿಸಿ ಬೆಲೆ ಕೇಳಿ ಬರೋಣವೆಂದು ಚೀಲ ಹುಡುಕುತ್ತಿದ್ದೆ. ಮನೆ ತುಂಬ ಚೀಲಗಳಿದ್ದರೂ ಬೇಕೆಂದಾಗ ಒಂದೂ ಸಿಗುವುದಿಲ್ಲ; ನಿಮ್ಮ ಮನೆಯಲ್ಲೂ ಹಾಗೇ ಇರಬೇಕು. ಅಡುಗೆಮನೆಯ ಬಾಗಿಲ ಪಕ್ಕ ಮೊಳೆಗೆ ನಮ್ಮ ಮನೆಯವಳ ಹಸಿರು ಬಟ್ಟೆ ಚೀಲ ನೇತಾಡುತ್ತಿತ್ತು. ಎಳೆದುಕೊಂಡೆ. ಒಳಗೆ ಏನೋ ಲೊಟಕ್ ಎಂದಿತು.

ಆ ಸದ್ದು ನನಗೆ ಗೊತ್ತು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು, ಅಥವಾ ಶಾಲೆಯೇ ನನ್ನನ್ನು ಬಿಟ್ಟಿತು. ಆದರೆ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗಿರುವುದು ನೀರೋ ಕೊಬ್ಬರಿಯೋ ಹೇಳಬಲ್ಲೆ. ತೆಂಗಿನ ಸೀಮೆಯವರಲ್ಲದಿದ್ದರೆ ನಿಮಗೊಂದು ಮಾತು: ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಒಂದು ವರ್ಷದ ಹತ್ತಿರ ಬಿಟ್ಟರೆ ನೀರೆಲ್ಲ ಇಂಗಿ, ತಿರುಳು ಚಿಪ್ಪು ಬಿಟ್ಟು, ಉಂಡೆಯಾಗಿ ಒಳಗೇ ಉರುಳಾಡುತ್ತದೆ. ನಾವು ಸುಮ್ಮನೆ ಕಾದರೆ ಸಾಕು. ಕಾಯುವುದರಲ್ಲಿ ನಮ್ಮ ಕಡೆಯವರನ್ನು ಮೀರಿಸುವವರಿಲ್ಲ.

ಸಕ್ಕರೆ ಕಾಯಿಲೆಯನ್ನೂ ನಮ್ಮ ಮನೆಯವಳು ಹಾಗೇ ಕಾಯುತ್ತಿದ್ದಳು. ಎಲ್ಲರದೂ ಊಟವಾದ ಮೇಲೆ ಅವಳ ಊಟ, ನೆನಪಾದರೆ ಮಾತ್ರೆ. ಒಂದು ದಿನ ಅಂಗಳದಲ್ಲಿ ಕಾಯಿ ಒಡೆಸುತ್ತಿದ್ದೆವು. ಮಧ್ಯಾಹ್ನ ಒಳಗೆ ಬಂದರೆ ನೆಲದ ಮೇಲೆ ರಕ್ತದ ಹೆಜ್ಜೆಗಳು. "ಯಾರ ಕಾಲು ಕುಯ್ದೋಯ್ತ್ರೋ?" ಎಂದು ಅವಳು ಕೆಲಸದವರನ್ನೆಲ್ಲ ಕೇಳುತ್ತ ಮನೆ ತುಂಬ ಓಡಾಡಿದಳು. ಓಡಾಡಿದಂತೆಲ್ಲ ಹೆಜ್ಜೆಗಳು ಹೆಚ್ಚಾದವು. ಚಿಪ್ಪಿನ ಚೂರು ಅವಳ ಹೆಬ್ಬೆರಳಿನ ಬುಡದಲ್ಲೇ ಇತ್ತು. ಮರಗಟ್ಟಿದ ಪಾದಕ್ಕೆ ಗೊತ್ತೇ ಆಗಿರಲಿಲ್ಲ.

ಗಾಯ ಮಾಯುವಷ್ಟರಲ್ಲಿ ಎರಡು ಹಬ್ಬ ಕಳೆದವು. ತಿಪಟೂರಿನ ಡಾಕ್ಟರಮ್ಮ ಕಟ್ಟು ಬಿಚ್ಚಿ ಹೇಳಿದರು: "ಈ ಸಲ ಬೆರಳು ಉಳೀತು. ಸಕ್ಕರೆ ಇಳೀದಿದ್ರೆ ಮುಂದಿನ ಸಲ ನಾನು ಮಾತು ಕೊಡಲ್ಲಮ್ಮ. ಹೊತ್ತಿಗೆ ಸರಿಯಾಗಿ ಊಟ, ಮಾತ್ರೆ. ದಿನಾ ಚಪ್ಪಲಿ ಹಾಕ್ಕೊಂಡು ನಡೀರಿ. ಪಾದ ನೋಡ್ಕೊಳ್ಳಿ."

"ಮನೇಲಿ ನಡೆಯೋದೇನು ಕಮ್ಮಿ ಇಲ್ಲ ಬುಡಿ," ಎಂದೆ ನಾನು.

"ಅದು ಕೆಲಸ. ನಾನು ಹೇಳಿದ್ದು ನಡಿಗೆ," ಎಂದರು.

ನಮ್ಮೂರಲ್ಲಿ ಹೆಂಗಸು ಸುಮ್ಮನೆ ನಡೆಯುವುದು ಎಷ್ಟು ಕಷ್ಟವೆಂದು ಆ ಡಾಕ್ಟರಮ್ಮನಿಗೆ ಗೊತ್ತಿರಲಿಲ್ಲ. ಮೊದಲ ದಿನ ಸಂಜೆ ಕಿಬ್ಬನಹಳ್ಳಿ ರಸ್ತೆ ಹಿಡಿದು ಹೊರಟವಳು ಕಾಫಿ ಆರುವುದರೊಳಗೆ ವಾಪಸು ಬಂದಳು, ಪಕ್ಕದ ಮನೆ ಸಿದ್ದಪ್ಪನ ಬೈಕಿನಲ್ಲಿ. "ಗಿರಿಜಕ್ಕ ಪಾಪ ನಡ್ಕೊಂಡು ಹೋಗ್ತಿದ್ಲು ಕಣ್ಲಾ," ಎಂದ. ಮರುದಿನ ಅವನ ಬೈಕು ತಪ್ಪಿಸಿದರೆ ಹಾಲಿನವನದು ಸಿಕ್ಕಿತು. ಮೂರನೆಯ ದಿನ ಸಿದ್ದಪ್ಪ ಜಗಲಿಯ ಮೇಲೆ ಕೂತು, ದನಿ ತಗ್ಗಿಸಿ, "ಹೆಂಗಸ್ರು ಮುನಿಸ್ಕೊಂಡು ಬರಿಗೈಲಿ ಬಸ್‌ಸ್ಟಾಪ್ ಕಡೆ ಹೋಗೋಹಂಗೆ ಮಾಡ್ಬಾರ್ದು ಕಣ್ಲಾ. ನೀನೇ ಒಸಿ ಸೋತ್ಕೊ," ಎಂದು ಬುದ್ಧಿ ಹೇಳಿದ. ನಾನು ಯಾರಿಗೂ ಸೋತವನಲ್ಲ. ಸೋಲುವುದಕ್ಕೆ ಜಗಳವೂ ಆಗಿರಲಿಲ್ಲ.

"ನಮ್ಮ ತೋಟದಲ್ಲೇ ನಡಿ ಕಣೇ. ಯಾರು ಕೇಳ್ತಾರೆ?" ಎಂದೆ.

ಯಾರೂ ಕೇಳಲಿಲ್ಲ. ಆದರೆ ತೋಟದಲ್ಲಿ ಗರಿ ಬಿದ್ದಿರುತ್ತದೆ, ಕಾಯಿ ಬಿದ್ದಿರುತ್ತದೆ, ಎಮ್ಮೆ ಹಗ್ಗ ಸುತ್ತಿಕೊಂಡಿರುತ್ತದೆ. ಕತ್ತಲಾಗುವ ಹೊತ್ತಿಗೆ ತಲೆ ಮೇಲೆ ಗರಿಯ ಹೊರೆ ಹೊತ್ತು ಬಂದಳು.

"ನಡಿಗೆ ಆಯ್ತಾ?"

"ಆಯ್ತು. ಹೊರೆ ಇಳಿಸ್ಕೊಳ್ಳಿ."

ಆ ತಿಂಗಳು ಸಕ್ಕರೆ ಇಳಿಯಲಿಲ್ಲ, ಏರಿತು. ಆಸ್ಪತ್ರೆಯಿಂದ ಬರುವಾಗ ಬಸ್ಸಿನಲ್ಲಿ ಅವಳು ಚಪ್ಪಲಿಯಿಂದ ಕಾಲು ಈಚೆ ತೆಗೆದು ಹೆಬ್ಬೆರಳನ್ನೇ ನೋಡುತ್ತ ಕೂತಿದ್ದಳು.

ಮರುದಿನ ಸಂಜೆ ರಾಶಿಯಿಂದ ಸಿಪ್ಪೆ ಸಮೇತ ಒಂದು ಕಾಯಿ ತೆಗೆದು, ಈ ಹಸಿರು ಚೀಲಕ್ಕೆ ಹಾಕಿಕೊಂಡು ಹೊರಟಳು. ಸಿದ್ದಪ್ಪನ ಬೈಕು ನಿಂತಿತು.

"ಬಾರಕ್ಕ, ಬುಡ್ತೀನಿ."

"ಬ್ಯಾಡ ಕಣಪ್ಪ, ಹರಕೆ ಕಾಯಿ. ನಡ್ಕೊಂಡೇ ಹೋಗ್ಬೇಕು."

ಸಿದ್ದಪ್ಪ ಬೈಕಿನ ಮೇಲೆ ಕೂತೇ ಕೈ ಮುಗಿದನಂತೆ. ಹರಕೆ ಹೊತ್ತವಳನ್ನು ನಮ್ಮ ಕಡೆ ಯಾರೂ ಗಾಡಿ ಹತ್ತಿಸುವುದಿಲ್ಲ, ಯಾರೂ ಕೆಲಸ ಹೇಳುವುದಿಲ್ಲ. ಯಾವ ದೇವರಿಗೆ ಎಂದೂ ಕೇಳುವುದಿಲ್ಲ.

"ದೇವರ ಹೆಸರಲ್ಲಿ ಸುಳ್ಳು ಹೇಳ್ತೀಯಲ್ಲೇ," ಎಂದೆ.

"ಸುಳ್ಳೇನು ಬಂತು? ಬೆರಳು ಉಳಿಸಪ್ಪ ಅಂತ ಬೇಡ್ಕೊಂಡೀನಿ," ಎಂದಳು.

ಅವಳು ಹೋದ ಹೊತ್ತಿನಲ್ಲಿ ನಾನೇ ಕಾಫಿ ಕಾಯಿಸಿಕೊಳ್ಳಬೇಕಾಯಿತು. ಮೊದಮೊದಲು ಅದನ್ನು ಎಮ್ಮೆಯೂ ಕುಡಿಯುತ್ತಿರಲಿಲ್ಲ. ಅಂಗಾಲು ಅವಳಿಗೇ ಕಾಣುವುದಿಲ್ಲವೆಂದು ಊಟಕ್ಕೆ ಮುಂಚೆ ಪಾದ ನೋಡುವ ಕೆಲಸವೂ ನನ್ನ ಪಾಲಿಗೆ ಬಂತು. ಬಾಗಿಲು ಹಾಕಿಕೊಂಡು ನೋಡುತ್ತೇನೆ. ಹೆಂಡತಿಯ ಕಾಲು ಹಿಡಿದ ಎಂದು ಊರು ಆಡಿಕೊಳ್ಳಬಾರದಲ್ಲ. ಒಂದು ತಿಂಗಳಲ್ಲಿ ಸಿದ್ದಪ್ಪನ ಹೆಂಡತಿ ಕೂಡ ಚೀಲ ಹಿಡಿದು ಅವಳ ಜೊತೆ ಹೊರಟಳು. ಆಮೇಲೆ ಅಂಗಡಿ ರತ್ನಮ್ಮ. ಇಬ್ಬರಿಗೂ ಸಕ್ಕರೆ ಇದ್ದದ್ದು ನನಗೆ ಗೊತ್ತಿರಲಿಲ್ಲ, ಸಿದ್ದಪ್ಪನಿಗೂ ಗೊತ್ತಿರಲಿಲ್ಲ. "ನಮ್ಮೂರಲ್ಲಿ ಭಕ್ತಿ ಜಾಸ್ತಿ ಆಗೈತೆ ಕಣ್ಲಾ," ಎಂದ.

ಇವತ್ತು ಆ ಕಾಯಿಯನ್ನೇ ಚೀಲದಿಂದ ತೆಗೆದು ಕಿವಿಗೆ ಹಿಡಿದೆ. ಹಗುರವಾಗಿತ್ತು. ಅಟ್ಟ ಹತ್ತದೆ, ವರ್ಷವಿಡೀ ಕಿಬ್ಬನಹಳ್ಳಿ ರಸ್ತೆಯಲ್ಲಿ ದಿನಾ ಸಂಜೆ ಓಡಾಡಿಕೊಂಡೇ ಕೊಬ್ಬರಿಯಾಗಿತ್ತು. ಹೋದ ವಾರ ಡಾಕ್ಟರಮ್ಮ ಸಕ್ಕರೆ ಇಳಿದ ಚೀಟಿ ನೋಡಿ ನಕ್ಕದ್ದು ನೆನಪಾಯಿತು.

"ಅದು ಮಂಡಿಗಲ್ಲ, ಇಡಿ ಕೆಳಗೆ," ಎಂದಳು ಒಳಗಿನಿಂದ.

"ಕೊಬ್ಬರಿ ಆಗೈತೆ ಕಣೇ ಇದು."

ಹೊರಗೆ ಬಂದು ತಾನೂ ಅಲ್ಲಾಡಿಸಿ ನೋಡಿದಳು. "ಹಂಗಾದ್ರೆ ಹರಕೆ ತೀರ್ತು ಅನ್ನಿ. ಒಡೆದ್ಬುಡಾಣ."

ಸಿಪ್ಪೆ ಸುಲಿದು ಒಡೆದೆ. ಒಂದು ಚೂರೂ ಅಂಗಳದಲ್ಲಿ ಉಳಿಯದಂತೆ ಚಿಪ್ಪನ್ನು ನಾನೇ ಗುಡಿಸಿದೆ. ಆಮೇಲೆ ರಾಶಿಯ ಹತ್ತಿರ ಹೋಗಿ, ಒಂದೊಂದನ್ನೇ ತೂಗಿ ನೋಡಿ, ನೀರು ತುಂಬಿದ ಕಾಯಿಯೊಂದನ್ನು ಆರಿಸಿ, ಚೀಲಕ್ಕೆ ಹಾಕಿ ಮೊಳೆಗೆ ತಗುಲಿಸಿದೆ.

ಅವಳು ಎತ್ತಿ ನೋಡಿದಳು. "ಭಾರ ಐತಲ್ರೀ!"

"ಹೊಸಾ ಕಾಯಿ. ಇನ್ನೊಂದು ವರ್ಷ ಬೇಕು," ಎಂದೆ. ಕೊಬ್ಬರಿ ನಾಲ್ಕನ್ನು ಟವಲಿನಲ್ಲಿ ಗಂಟು ಕಟ್ಟಿಕೊಂಡು ಬಸ್ಸಿಗೆ ನಡೆದೆ.