ಬೆಲ್ಟ್ ಬದಲಿಸಿದ ಭಾನುವಾರ

ಇವತ್ತು ಬೆಳಿಗ್ಗೆ ಆಂಟಾಪ್ ಹಿಲ್‌ನ ನಮ್ಮ ಗಲ್ಲಿಯಲ್ಲಿ ಕೊತ್ತಂಬರಿ ಮೂಸಿ ನೋಡುತ್ತಿದ್ದವಳ ಮೂಗಿಗೆ ಬಡಿದದ್ದು ಬೇರೆಯೇ ವಾಸನೆ, ಕಾದ ರಬ್ಬರಿನದು. ಯಾರದೋ ಹಳೇ ಪಿಕಪ್ ಎಂಜಿನ್ ಆಫ್ ಮಾಡದೆ ನಿಂತಿತ್ತು. ನೀವು ನಗಬಹುದು. ಬೇರೆ ಹೆಂಗಸರಿಗೆ ಮಲ್ಲಿಗೆಯ ವಾಸನೆಗೆ ಗಂಡ ನೆನಪಾದರೆ ನನಗೆ ಎಂಜಿನ್ ಬೆಲ್ಟಿನದಕ್ಕೆ. ಆ ಗಂಡ ಮನೆಯಲ್ಲೇ ಟಿವಿ ಮುಂದೆ ಕೂತಿದ್ದರು ಅನ್ನುವುದು ಬೇರೆ ಮಾತು.

ನಾನು ಬಾಂದ್ರಾದ ಕಾನ್ವೆಂಟಿನಲ್ಲಿ ಓದಿದವಳು. ಸಿಸ್ಟರ್‌ಗಳು ಎಲೊಕ್ಯೂಷನ್, ಕಸೂತಿ, ಮೊಣಕಾಲು ಜೋಡಿಸಿ ಕೂರುವುದು ಎಲ್ಲ ಕಲಿಸಿದರು. ಬಾಳೆಎಲೆ ವ್ಯಾಪಾರಿಯ ಹೆಂಡತಿಯಾಗುವುದನ್ನು ಮಾತ್ರ ಕಲಿಸಲಿಲ್ಲ. ಹುಬ್ಬಳ್ಳಿ ಕಡೆಯ ಇವರು ದಾದರ್ ಮಾರ್ಕೆಟ್ಟಿನಿಂದ ತಮ್ಮ ಪಿಕಪ್ಪಿನಲ್ಲಿ ಎಲೆ ತುಂಬಿಕೊಂಡು ಮಾಟುಂಗಾ, ಚೆಂಬೂರಿನ ಮದುವೆ ಹಾಲ್‌ಗಳಿಗೆ ಮುಟ್ಟಿಸುತ್ತಿದ್ದರು. ಗಾಡಿಯ ಆರೋಗ್ಯವನ್ನು ಕಿವಿಯಿಂದಲೇ ತಿಳಿಯುವರು. ಊಟಕ್ಕೆ ಕೂತಾಗ ಕೆಳಗೆ ಯಾರಾದರೂ ಗಾಡಿ ಸ್ಟಾರ್ಟ್ ಮಾಡಿದರೆ, "ಅವನ ಬೆಲ್ಟ್ ಇನ್ನೊಂದು ವಾರ ತಡಿಯಂಗಿಲ್ಲ ನೋಡು" ಅನ್ನುವರು. "ವೆರಿ ರೊಮ್ಯಾಂಟಿಕ್" ಎಂದು ನಾನು ಸಾರು ಬಡಿಸುತ್ತಿದ್ದೆ.

ಒಂದು ಮದುವೆ ಸೀಸನ್‌ನಲ್ಲಿ ನಮ್ಮದೇ ಗಾಡಿ ಕಿರುಚತೊಡಗಿತು. ಸ್ಟಾರ್ಟ್ ಮಾಡಿದರೆ ಸಾಕು, ಇಡೀ ಬಿಲ್ಡಿಂಗ್ ಬಾಲ್ಕನಿಗೆ ಬರುತ್ತಿತ್ತು. ನೆರೆಮನೆಯ ಶೇವಂತಿ ಮೌಶಿ ಮೇಲಿನಿಂದಲೇ, "ಭಾವೂಜೀ, ತುಮ್ಚಿ ಗಾಡಿ ಕಿತೀ ರಡತೇ! ಏನು ಹೊಡೆದ್ರಿ ಅದಕ್ಕೆ, ಹಿಂಗೆ ಅಳ್ತದೆ?" ಎಂದರು. ಇವರು ನಗುತ್ತಾ ಕೈ ಬೀಸಿ ಹೊರಟೇಬಿಟ್ಟರು. ಎಲ್ಲರೂ ನಕ್ಕರು. ನಾನು ಮಾತ್ರ ಗಾಡಿ ತಿರುವು ದಾಟುವ ತನಕ ಬಾಲ್ಕನಿಯ ಕಂಬಿ ಹಿಡಿದು ನೋಡಿದೆ. ಆ ಕಿರುಚಾಟ ಕೇಳಿಸದವರಿಗೆ ಹಿಂದಿನ ಬಸ್ಸಿನ ಹಾರ್ನ್ ಹೇಗೆ ಕೇಳಿಸೀತು?

ಹೇಳುವುದು ಹೇಗೆ? ಗಾಡಿ ಬಿಡಿ ಅಂದರೆ ಉಸಿರು ಬಿಡಿ ಅಂದಂತೆ. ಇಂಗ್ಲಿಷಿನಲ್ಲಿ ಒಂದು ಸ್ಪೀಚ್ ತಯಾರು ಮಾಡಿಕೊಂಡೆ, "ಮೈ ಡಿಯರ್"ನಿಂದ ಶುರು. ಭಾನುವಾರ ಚಹಾ ಕೊಡುವಾಗ ಬಾಯಿಂದ ಬಂದದ್ದು ಇಷ್ಟೇ: "ರೀ, ಬೆಲ್ಟ್ ಕಿರುಚ್ತಿದೆ. ಎಷ್ಟೋ ದಿನದಿಂದ."

"ಹುಚ್ಚೀ, ಕಿರುಚಿದ್ರ ನನಗ ಕೇಳಸ್ತಿರಲಿಲ್ಲೇನು?"

ನಾನು ಇವರ ಕಿವಿಯ ಕಡೆ ನೋಡಿದೆ. ಇವರು ಅರ್ಧ ಕುಡಿದ ಕಪ್ಪು ಕೆಳಗಿಟ್ಟು ಅಂಗಡಿಗೆ ಹೊರಟರು.

ಹೊಸ ಬೆಲ್ಟ್ ತಂದು ಕಾಂಪೌಂಡಿನಲ್ಲಿ ಬಾನೆಟ್ ಎತ್ತಿದರು. ಡೈನಮೋದ ಬೋಲ್ಟ್ ಸಡಿಲಿಸಿ ಹಳೆಯ ಬೆಲ್ಟ್ ಕಳಚಿ ಒಳಮೈ ತಿರುಗಿಸಿ ತೋರಿಸಿದರು. ಒಡೆದ ಹಿಮ್ಮಡಿಯ ಹಾಗೆ ಬಿರುಕು. ಹೊಸದನ್ನು ಕೂರಿಸಿದ ಮೇಲೆ ಅದು ಬಿಗಿಯಾಗಲೆಂದು ಡೈನಮೋವನ್ನು ರಾಡಿನಿಂದ ಮೀಟಿ ಹಿಡಿಯುವ ಕೆಲಸ ನನಗೆ ಬಂತು. "ಗಟ್ಟಿ ಹಿಡೀರಿ ಮೇಡಂ, ಇದು ಪಿಯಾನೋ ಅಲ್ಲ!" ಬೋಲ್ಟ್ ಬಿಗಿಸಿ, ಎಂಜಿನ್ ಸ್ಟಾರ್ಟ್ ಮಾಡಿ ಇಳಿದು ಬಂದರು. ಎಂಜಿನ್ ಕಡೆ ನೋಡಲಿಲ್ಲ. ನನ್ನ ಮುಖ ನೋಡಿದರು.

"ಈಗ?"

ಸಣ್ಣ ಕೀರಲು ಇನ್ನೂ ಇತ್ತು. ಇಲ್ಲ ಅಂದುಬಿಟ್ಟರೆ ಆ ದಿನಕ್ಕೆ ಇಬ್ಬರಿಗೂ ಹಗುರಾಗುತ್ತಿತ್ತು. "ಇನ್ನೂ ಇದೆ" ಎಂದೆ. ಆಫ್ ಮಾಡಿ ಮತ್ತೆ ಬಿಗಿಸಿದರು. ಮತ್ತೆ ನನ್ನ ಮುಖ ನೋಡಿದರು.

"ಈಗಿಲ್ಲ ರೀ. ಪರ್ಫೆಕ್ಟ್."

ಕೈ ಒರೆಸಿಕೊಳ್ಳುತ್ತಾ ಅಂದರು, "ಇನ್ನ ಮ್ಯಾಲೆ ನೀ ಬಾಜೂಕ ಕೂತ್ರ ಅಷ್ಟ ಗಾಡಿ ತಗೀತೀನಿ. ಇಲ್ಲಾಂದ್ರ ಚಾವಿ ನಿನ್ನ ಕಡೇನ ಇರ್ಲಿ."

ಹಾಗೆ ಕಾನ್ವೆಂಟಿನ ಹುಡುಗಿ ಬಾಳೆಎಲೆ ವ್ಯಾಪಾರಕ್ಕೆ ಇಳಿದಳು. ಹಿಂದೆ ಬಸ್ಸು, ಎಡಕ್ಕೆ ಸ್ಕೂಟರ್ ಎಂದು ತೋಳು ಮುಟ್ಟಿ ಹೇಳುವುದು ನನ್ನ ಕೆಲಸ. ಇವರ ಕಿವಿಗೆ ಮಶೀನ್ ಬಂದ ಮೇಲೂ, ಗಾಡಿ ಮಾರುವ ತನಕ, ಆ ಸೀಟನ್ನು ನಾನು ಬಿಟ್ಟುಕೊಡಲಿಲ್ಲ.

ಇಷ್ಟೆಲ್ಲ ನೆನಪಾದ ಮೇಲೆ ಸುಮ್ಮನೆ ಬರಲಾದೀತೇ? ಆ ಪಿಕಪ್ಪಿನ ಡ್ರೈವರನ ಹತ್ತಿರ ಹೋಗಿ, "ಬೆಲ್ಟ್ ನೋಡ್ಕೊಳ್ಳಪ್ಪಾ, ವಾಸನೆ ಬರ್ತಿದೆ" ಎಂದೆ, ತಜ್ಞೆಯ ಗತ್ತಿನಲ್ಲಿ.

"ಗೊತ್ತೈತ್ರೀ ಆಂಟಿ. ಮುಂಜಾನಿಂದ ಒದರಾಕತ್ತೈತಿ, ಪೂರಾ ಗಲ್ಲಿ ಬೈಯಾಕತ್ತೈತಿ. ಈಗೂ ಕೇಳ್ರಿ ಹೆಂಗ ಒದರತೈತಿ!"

ಕಿವಿಗೊಟ್ಟೆ. ನನಗೆ ಏನೂ ಕೇಳಿಸಲಿಲ್ಲ.

ಕೊತ್ತಂಬರಿ ಬಿಟ್ಟು ಮನೆಗೆ ಬಂದು, ಟಿವಿಗೆ ಅಡ್ಡ ನಿಂತು, ಸ್ಪೀಚ್ ಇಲ್ಲದೆ ಹೇಳಿದೆ. ಇವರು ಟಿವಿ ಆರಿಸಿದರು. ಮೊಣಕಾಲಿಗೆ ಕೈಯೂರಿ ಎದ್ದರು.

"ತಡಿ, ಅಂಗಿ ಬದಲಿಸ್ತೀನಿ. ನನ್ನ ಕಿವಿ ಡಾಕ್ಟರ್ ಕಡೇನ ಹೋಗೂಣು. ಇಷ್ಟ್ ದಿನ ಏನ್ ಮಾಡ್ತಿದ್ರಿ ಅಂತ ಅಂವಾ ಭಾಳ ಬೈತಾನ. ಬೈಲಿ. ನಾ ಮಶೀನ್ ತಗದಿಟ್ಟಿರ್ತೀನಿ, ನಿನಗ ಹೆಂಗೂ ಕೇಳಸಂಗಿಲ್ಲ."